ಕಾಪು ಪೇಟೆಗೆ ಸೈಕಲ್ ದಾರಿ ತಂದ ಬಾಯಮ್ಮ

ಕಾಪು ಪೇಟೆಯ ಅಂಗಡಿಗಳು ಇನ್ನೂ ಬಾಗಿಲು ತೆಗೆದಿಲ್ಲ. ಹೋಟೆಲಿನ ಮೂಲೆಯಿಂದ ಒಂದು ಸೈಕಲ್ ತಿರುಗುತ್ತದೆ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಹಿಂದಿನ ಕ್ಯಾರಿಯರಿಗೆ ಹೆರಿಗೆಯ ಚೀಲ ಕಟ್ಟಿಕೊಂಡ ಅಪೊಲೋನಿಯಾ ಡಿಮೆಲ್ಲೊ ರಸ್ತೆಯಂಚಿನ ಬಿಳಿ ಗೆರೆಯೊಳಗೆ ನೆಟ್ಟಗೆ ಬರುತ್ತಾರೆ. ಎದುರಿನಿಂದ ಮೊದಲ ಬಸ್ಸು ಹಾರ್ನ್ ಹಾಕುತ್ತ ಬಂದರೂ ಅವರು ಬ್ರೇಕ್ ಹಿಡಿಯುವುದಿಲ್ಲ. ಬಸ್ಸಿನ ಪಾಡು ಬಸ್ಸಿಗೆ, ಸೈಕಲ್ಲಿನ ಪಾಡು ಸೈಕಲ್ಲಿಗೆ.

"ಎಂತ ಬಾಯಮ್ಮ, ಇಷ್ಟು ಬೇಗ?" ಡ್ರೈವರ್ ಕಿಟಕಿಯಿಂದ ಕೂಗುತ್ತಾನೆ.

"ಎರ್ಮಾಳಿನಲ್ಲಿ ಒಬ್ಬಳಿಗೆ ನೋವು ಶುರುವಾಗಿದೆಯಂತೆ!" ಎಂಬ ಉತ್ತರ ಕೇಳಿಸುವಷ್ಟರಲ್ಲಿ ಸೈಕಲ್ ದೂರ ಹೋಗಿರುತ್ತದೆ.

1984ರ ಈ ದಿನಗಳಲ್ಲಿ ಕಾಪುವಿಗೆ ಬಂದಿಳಿಯುವವರಿಗೆ ಈ ಗೆರೆಯೂ ಬಸ್ ನಿಲ್ಲುವಲ್ಲಿನ ಮರದಡಿಯ ಬಯಲೂ ಮೊದಲಿನಿಂದ ಇದ್ದವೇ ಎನಿಸಬಹುದು. ಇರಲಿಲ್ಲ. ಅವು ಬಂದದ್ದು ಊರವರು ಬಾಯಮ್ಮ ಎಂದು ಕರೆಯುವ ಈ ಹೆರಿಗೆ ನರ್ಸಿನ ಹಟದಿಂದ.

ಅಪೊಲೋನಿಯಾ ಶಿರ್ವದ ಕಡೆಯವರು. ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ ಮಾರುತ್ತಿದ್ದ ತಂದೆ ಮಧ್ಯಾಹ್ನ ಮಲಗಿದಾಗ ಆ ಸೈಕಲ್ಲನ್ನು ಕದ್ದೊಯ್ದು ಗದ್ದೆಯಲ್ಲಿ ಬಿದ್ದು ಎದ್ದು ಕಲಿತದ್ದು. ನರ್ಸ್ ಆಗಿ ಕಾಪುವಿಗೆ ಬಂದಾಗ ಸೈಕಲ್ ಏರಿದ ಹೆಂಗಸನ್ನು ಪೇಟೆ ನಿಂತು ನೋಡುತ್ತಿತ್ತು. ಕ್ರಮೇಣ ಆ ನೋಟ ನಿಂತುಹೋಯಿತು. ನಿಲ್ಲದೆ ಬೆಳೆದದ್ದು ಪೇಟೆಯ ಇಕ್ಕಟ್ಟು. ಬೆಲ್ಲದ ಡಬ್ಬ, ಒಣಮೀನಿನ ಗೋಣಿ, ಸೀಮೆಎಣ್ಣೆ ಡ್ರಮ್ಮು ಎಲ್ಲವೂ ಅಂಗಡಿಯಿಂದ ಇಳಿದು ರಸ್ತೆಯಲ್ಲೇ ಕೂತಿದ್ದವು.

1977ರ ಮಳೆಗಾಲದಲ್ಲಿ ಎರ್ಮಾಳಿನ ಮೀನುಗಾರರ ಮನೆಯ ಕುಶಲಾಳಿಗೆ ಚೊಚ್ಚಲ ಹೆರಿಗೆ. ಕರೆ ಬಂದ ಕೂಡಲೇ ಹೊರಟ ಅಪೊಲೋನಿಯಾ ಪೇಟೆಯ ನಡುವೆ ಎದುರಿಗೆ ನುಗ್ಗಿದ ಲಾರಿಯಿಂದ ತಪ್ಪಿಸಿಕೊಳ್ಳಲು ಬದಿಗೆ ಸರಿದರು. ಸರಿಯಲು ಜಾಗವಿರಲಿಲ್ಲ. ಡ್ರಮ್ಮಿಗೆ ತಾಗಿ ಚರಂಡಿಗೆ ಬಿದ್ದರು, ಮಣಿಕಟ್ಟು ಮುರಿಯಿತು. ಅವರನ್ನು ಉಡುಪಿಗೆ ಒಯ್ದರು. ಇತ್ತ ಕುಶಲಾ ಒಬ್ಬಂಟಿಯಾಗಿ ಹೆತ್ತಳು.

"ಮಗು ಉಳಿಯಲಿಲ್ಲ," ಎನ್ನುತ್ತಾರೆ ಅಪೊಲೋನಿಯಾ. "ನಾನು ಹೋಗಿದ್ದರೆ ಉಳಿಯುತ್ತಿತ್ತೋ ಏನೋ, ದೇವರಿಗೆ ಗೊತ್ತು. ಆದರೆ ನನಗೆ ಹೋಗಲಿಕ್ಕೇ ಆಗಲಿಲ್ಲ ಅಲ್ವಾ?"

ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು ಪಂಚಾಯತಿಯ ಹಿರಿಯ ಸದಸ್ಯರೊಬ್ಬರನ್ನು ಕಂಡು, ರಸ್ತೆಯ ಎರಡು ಅಂಚುಗಳನ್ನು ಸೈಕಲ್ಲಿಗೆ, ನಡೆಯುವವರಿಗೆ ಬಿಡಿಸಿಕೊಡಿ ಎಂದರು. ಅಂಗಡಿಯವರು ಒಪ್ಪಿದರೆ ಗೆರೆ ಎಳೆಸುವ ಜವಾಬ್ದಾರಿ ತನ್ನದು ಎಂದರು ಸದಸ್ಯರು. ಅಂಗಡಿಯವರು ಒಪ್ಪಬೇಕಲ್ಲ! ದಿನಸಿ ಅಂಗಡಿಯ ಧರ್ಮಪಾಲ ಮುಖಕ್ಕೇ ಹೇಳಿದರು: "ಬಾಯಮ್ಮ, ನೀವು ಹೆರಿಗೆ ಮಾಡಿಸಿ, ಪೇಟೆ ನಾವು ನೋಡಿಕೊಳ್ತೇವೆ. ಸಾಮಾನು ಕಣ್ಣಿಗೆ ಬೀಳದಿದ್ದರೆ ವ್ಯಾಪಾರ ಹೇಗೆ ಆಗ್ತದೆ?"

ಅಪೊಲೋನಿಯಾ ವಾದಕ್ಕೆ ನಿಲ್ಲಲಿಲ್ಲ. ಆ ಅಂಗಡಿಗಳ ಹಿಂದಿನ ಮನೆಗಳಲ್ಲಿ ಅವರು ಹೆರಿಗೆ ಮಾಡಿಸದ ಮನೆ ಕಡಿಮೆ. ಹಿಂಬಾಗಿಲಿನಿಂದ ಒಂದೊಂದೇ ಮನೆ ಹೊಕ್ಕರು. ಒಂದು ಕಡೆ ತುಳುವಿನಲ್ಲಿ, ಇನ್ನೊಂದು ಕಡೆ ಕೊಂಕಣಿಯಲ್ಲಿ ಕುಶಲಾಳ ಕತೆ ಹೇಳಿದರು. ಕೇಳಿದ ಹೆಂಗಸರಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಇಗರ್ಜಿ ಬಿಟ್ಟ ಹೊತ್ತಿಗೆ ಮನೆಗಳಿಂದ ಹೆಂಗಸರು ಪೊರಕೆ ಹಿಡಿದು ಪೇಟೆಗಿಳಿದರು. ಗೋಣಿ, ಬುಟ್ಟಿ, ಡ್ರಮ್ಮುಗಳು ಒಳಗೆ ಹೋಗತೊಡಗಿದವು. ಧರ್ಮಪಾಲ ಮಾತ್ರ ಕೈಕಟ್ಟಿ ನಿಂತಿದ್ದರು. ಆಗ ಅವರ ತಾಯಿ, ಎಪ್ಪತ್ತು ದಾಟಿದ ಪ್ರಭಾವತಿಯಮ್ಮ, ಮಗನ ಬೆಲ್ಲದ ಡಬ್ಬವನ್ನು ತಾವೇ ಎಳೆಯತೊಡಗಿದರು.

"ಅಮ್ಮಾ, ಬಿಡಿ. ಜನ ನೋಡ್ತಾರೆ."

"ನೋಡಲಿ. ನಿನ್ನ ಮಗ ಹೊಟ್ಟೆಯಲ್ಲಿ ಅಡ್ಡ ಇದ್ದಾಗ ಓಡಿ ಬಂದವಳು ಯಾರು? ನಿನಗೆ ನಾಚಿಕೆಯಾದರೆ ನೀನೇ ಎತ್ತು!"

ಪೇಟೆಯಿಡೀ ನಕ್ಕಿತು. ಧರ್ಮಪಾಲ ಡಬ್ಬ ಎತ್ತಿದರು. ಮಧ್ಯಾಹ್ನದೊಳಗೆ ಸದಸ್ಯರು ಸುಣ್ಣದ ಬಕೆಟ್ಟಿನೊಂದಿಗೆ ಬಂದು, ಕೊಟ್ಟ ಮಾತಿನಂತೆ ಬಸ್ ನಿಲ್ಲುವಲ್ಲಿಂದ ಪೇಟೆಯ ಕೊನೆಯ ಸೋಡಾ ಅಂಗಡಿಯವರೆಗೆ ಗೆರೆ ಎಳೆಸಿದರು.

ಮಳೆಗೆ ಸುಣ್ಣ ತೊಳೆದುಹೋದಾಗಲೆಲ್ಲ ಹೆಂಗಸರೇ ಮತ್ತೆ ಎಳೆದರು. ಕೊನೆಗೆ ಪಂಚಾಯತಿಯೇ ಪೇಂಟ್ ಹೊಡೆಸಿತು. ಬಸ್ ನಿಲ್ಲುವಲ್ಲಿ ರಾಶಿ ಬಿದ್ದಿದ್ದ ಒಡೆದ ಹಂಚು, ಮುರಿದ ಗಾಡಿಗಳು ಹೋಗಿ ಬಯಲು ತೆರವಾಯಿತು. ಈಗ ಮೀನಿನ ಹೆಂಗಸರು ಅಲ್ಲಿ ಬುಟ್ಟಿ ಇಳಿಸಿ ದಣಿವಾರಿಸುತ್ತಾರೆ. ಸಂಜೆ ಹುಡುಗಿಯರು ಸೈಕಲ್ ಕಲಿಯುತ್ತಾರೆ. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದು ರಸ್ತೆ ಅಳೆದು ಹೋಗಿದ್ದಾರೆ. ನೋಡಲು ಬಂದ ಕಾರ್ಕಳದ ವ್ಯಾಪಾರಿಗಳು ತಮ್ಮ ಪೇಟೆಯಲ್ಲೂ ಇಂಥದೇ ಗೆರೆ ಎಳೆಸಿದ್ದಾರೆ.

"ಸೈಕಲ್ಲಿನವರು ಈಗ ನಿಲ್ಲಿಸಿ ಇಳೀತಾರೆ, ವ್ಯಾಪಾರ ಹೆಚ್ಚೇ ಆಗಿದೆ ಮಾರಾಯ್ರೆ," ಎಂದು ಧರ್ಮಪಾಲರೇ ನಗುತ್ತಾರೆ.

1979ರಲ್ಲಿ ಕುಶಲಾಳ ಮನೆಯಿಂದ ಮತ್ತೆ ಕರೆ ಬಂತು, ನಡುಹಗಲಿನಲ್ಲಿ, ಪೇಟೆ ತುಂಬಿದ್ದಾಗ. "ಗಾಳಿಯ ಹಾಗೆ ಹೋದೆ," ಎನ್ನುವಾಗ ಅಪೊಲೋನಿಯಾರ ಮುಖ ಅರಳುತ್ತದೆ. "ಹೆಣ್ಣು ಮಗು. ಹುಟ್ಟಿದ ಕೂಡಲೇ ಎಂಥ ಕೂಗು ಅಂತೀರಿ! ಈಗ ಶಾಲೆಗೆ ಹೋಗ್ತಾಳೆ."

ಇನ್ನೆರಡು ವರ್ಷಕ್ಕೆ ಅವರಿಗೆ ನಿವೃತ್ತಿ. ಸನ್ಮಾನದ ಮಾತೆತ್ತಿದರೆ ಕೈ ಅಲ್ಲಾಡಿಸಿ ಬಿಡುತ್ತಾರೆ. ಹಾಗಾದರೆ ಆಸೆ ಏನು ಎಂದರೆ ಮಾತ್ರ ಉತ್ತರ ಸಿದ್ಧವಾಗಿದೆ.

"ನನ್ನ ನಂತರ ಬರುವ ಹುಡುಗಿಗೆ ಸೈಕಲ್ ಬಿಡಲಿಕ್ಕೆ ಗೊತ್ತಿದ್ದರೆ ಸಾಕು. ದಾರಿ ಉಂಟು."