ಸಿರಾಜ್ ಚಾಚಾ ಎಳೆದ ತಲೆಗೆರೆ

ಹೋದ ವಾರ ಅಲ್ ರೀಮ್ ಐಲ್ಯಾಂಡಿನ ನಮ್ಮ ಕಟ್ಟಡದಲ್ಲಿ ಮೆಟ್ಟಿಲ ಕಂಬಿಗೆ ಬಣ್ಣ ಬಳಿಯುತ್ತಿದ್ದರು. ಥಿನ್ನರ್ ವಾಸನೆ ಮೂಗಿಗೆ ಬಡಿದಾಗ ಅಭ್ಯಾಸದಂತೆ ಮೊದಲು ನನ್ನ ಶ್ವಾಸಕೋಶದ ಚಿಂತೆಯಾಯಿತು, ಆಮೇಲೆ ಲಿಫ್ಟ್ ಕೆಟ್ಟರೆ ಗತಿಯೇನೆಂದು, ಕೊನೆಗೆ ಸಿರಾಜ್ ಚಾಚಾ ನೆನಪಾದರು. ತೊಂಬತ್ತರ ದಶಕದಲ್ಲಿ, ಇದೇ ಗಲ್ಫ್ ಊರಿನ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಮನೆಯಲ್ಲಿ ಈ ವಾಸನೆ ಸಾರಿನ ಒಗ್ಗರಣೆಯೊಂದಿಗೆ ಬೆರೆತೇ ಇರುತ್ತಿತ್ತು. ಕೆಳಗೆ ದೊಡ್ಡಪ್ಪನ ಬೋರ್ಡ್ ಬರೆಯುವ ಅಂಗಡಿ. ಮೇಲೆ ಅವರದೇ ಫ್ಲ್ಯಾಟು, ಅದರ ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಬಂಗಾಳಿ ಬೋರ್ಡುಗಳನ್ನು ಬರೆಯುತ್ತಿದ್ದ ಸಿರಾಜ್ ಚಾಚಾ ಮಧ್ಯಾಹ್ನ ನಮ್ಮಲ್ಲೇ ಉಣ್ಣುತ್ತಿದ್ದರು. ಈಗ ಆ ಕಟ್ಟಡವೂ ಇಲ್ಲ, ಉಂಡವರೂ ಇಲ್ಲ.

ಊಟವಾದ ಮೇಲೆ ಅವರು ನನಗೆ ಅಕ್ಷರ ಕಲಿಸುತ್ತಿದ್ದರು. ಸೀಮೆಸುಣ್ಣ ಬಳಿದ ದಾರವನ್ನು ಹಲಗೆಯ ಮೇಲೆ ಬಿಗಿಯಾಗಿ ಹಿಡಿದು ಟಪ್ಪೆಂದು ಬಿಟ್ಟರೆ ನೇರವಾದ ಗೆರೆ. "ಪೆಹಲೇ ಛತ್, ಬೇಟಿ. ಲೋಗ್ ಬಾದ್ ಮೇ," ಎನ್ನುತ್ತಿದ್ದರು. ಮೊದಲು ಸೂರು, ಜನ ಆಮೇಲೆ. ನಮ್ಮ ಕನ್ನಡದಲ್ಲಿ ತಲೆಕಟ್ಟು ಆಯಾ ಅಕ್ಷರಕ್ಕೆ ಅದರದೇ. ಅವರಲ್ಲಿ ಪದಕ್ಕೆಲ್ಲ ಒಂದೇ ಗೆರೆ, ಒಗೆದ ಬಟ್ಟೆಗಳಂತೆ ಅಕ್ಷರಗಳೆಲ್ಲ ಅದರಿಂದ ಕೆಳಗೆ ಇಳಿಬಿದ್ದಿರುತ್ತಿದ್ದವು. ಕಂಬಕ್ಕೆ ಒರಗಿದ ತ್ರಿಕೋನ ಬರೆದರೆ ಅದು 'ಬ'. ಕೆಳಗೊಂದು ಚುಕ್ಕಿ ಇಟ್ಟರೆ 'ರ'. ಚುಕ್ಕಿ ತೆಗೆದು ಬಲಕ್ಕೆ ಕೊಕ್ಕು ಬಾಗಿಸಿದರೆ 'ಕ'. ಆ ಕೊಕ್ಕಿನ ತುದಿಯನ್ನು ಚಾಚಾ ಕೂದಲೆಳೆಯಷ್ಟು ಮೇಲಕ್ಕೆತ್ತುತ್ತಿದ್ದರು. ಊರಿನ ಬಂಗಾಳಿಗಳಿಗೆಲ್ಲ ಅದು ಅವರ ಕೈ ಎಂದು ಗೊತ್ತಾಗುತ್ತಿತ್ತು.

ಒಂದು ವರ್ಷ ದೊಡ್ಡಪ್ಪ, ಗಿರಾಕಿಗಳಿಗೆ ತೋರಿಸಲು ಬೇಕೆಂದು ಹೇಳಿ, ಕಾರ್ಡಿಗೊಂದರಂತೆ ಎಲ್ಲ ಅಕ್ಷರಗಳನ್ನೂ ಅವರಿಂದ ಬರೆಸಿಕೊಂಡರು. ಚಾಚಾ ತಲೆಗೆರೆಯನ್ನು ಕಾರ್ಡಿನ ಎರಡೂ ಅಂಚು ಮುಟ್ಟುವಂತೆ ಎಳೆದರು, ಯಾವ ಕಾರ್ಡನ್ನು ಯಾವುದರ ಪಕ್ಕ ಇಟ್ಟರೂ ಗೆರೆ ಕೂಡಿಕೊಳ್ಳಲೆಂದು. ಕೊನೆಯ ಕಾರ್ಡು ಮುಗಿದ ವಾರವೇ ಕಂಪ್ಯೂಟರೂ ಸ್ಟಿಕರ್ ಕೊಯ್ಯುವ ಮಿಷನ್ನೂ ಬಂದವು. ಚಾಚಾರ ವೀಸಾ ಕ್ಯಾನ್ಸಲ್.

"ಹದಿನಾಲ್ಕು ವರ್ಷ ಆಯ್ತಲ್ಲ ಅಣ್ಣ," ಎಂದರು ಅಪ್ಪ, ತಟ್ಟೆ ನೋಡುತ್ತಾ.

"ಮಿಷನ್ನಿಗೆ ವೀಸಾ ಬೇಡ ಮಾರಾಯ, ಊಟವೂ ಬೇಡ. ಖಲಾಸ್."

ಚಾಚಾ ಹೊರಟ ಮರುದಿನ, ಅಂಗಡಿ ಮುಚ್ಚಿ ಎಲ್ಲರೂ ಮಲಗಿದ್ದ ಮಧ್ಯಾಹ್ನ, ಊಟದ ಮೇಜಿನ ಮೇಲಿದ್ದ ಆ ಕಾರ್ಡುಗಳ ಮುಂದೆ ನಾನು ಶಾಲೆಯ ವೈಟ್ನರ್ ಹಿಡಿದು ಕುಳಿತೆ. ನನಗೆ ಹತ್ತು ವರ್ಷ. ಕೈಯಲ್ಲಿ ಬೆವರು, ಮನಸ್ಸಿನಲ್ಲಿ ಪೊಲೀಸರು. ಒಂದೊಂದು ತಲೆಗೆರೆಯ ಎರಡೂ ತುದಿಗಳನ್ನು ಕಡಲೆಕಾಳಿನಷ್ಟಗಲ ಅಳಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮತ್ತೆಂದೂ ಮಾಡಿಲ್ಲ. ಆ ಕಾರ್ಡುಗಳನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ಅದೇ ಅಕ್ಷರಗಳನ್ನು ಮಿಷನ್ನಿನಲ್ಲಿ ಕೊಯ್ಯಲು ಬಂದವನಿಗೂ ಬಂಗಾಳಿ ಬಾರದು. ತಿಂಗಳೊಳಗೆ ಟೈಲರ್ ಅಂಗಡಿ, ಸಲೂನು, ಕೆಫೆಟೇರಿಯಾ, ಎಲ್ಲ ಕಡೆ ದೊಡ್ಡಪ್ಪನ ಹೊಸ ಬೋರ್ಡುಗಳು ಏರಿದವು, ಸೂರು ತುಂಡುತುಂಡಾಗಿ. ಅಕ್ಷರಗಳು ಜಗಳವಾಡಿಕೊಂಡವರಂತೆ ದೂರ ದೂರ ನಿಂತಿದ್ದವು. ಶುಕ್ರವಾರ ಬಂಗಾಳಿ ಕೆಲಸಗಾರರು ಬೆರಳು ತೋರಿಸಿ ನಗುವುದನ್ನು ನೋಡಲೆಂದೇ ನಾನು ಅಮ್ಮನ ಕೈ ಹಿಡಿದು ಆ ದಾರಿಯಲ್ಲಿ ಎಳೆದೊಯ್ಯುತ್ತಿದ್ದೆ. ಐಸ್‌ಕ್ರೀಮಿಗಿಂತ ರುಚಿಯಿತ್ತು ಅದು, ಸುಳ್ಳೇಕೆ ಹೇಳಲಿ.

ಒಂದು ಸಂಜೆ ನಾನು ಅಂಗಡಿಯಲ್ಲಿದ್ದಾಗ ಚಾಚಾರ ಊರಿನವನೇ ಆದ ಗ್ರೋಸರಿಯವನು ಬಂದ. ಕೋಪದಲ್ಲಿರಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಹೊಸ ಬೋರ್ಡೊಂದನ್ನು ತೋರಿಸಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದ: "ಇದು ಸಿರಾಜ್ ಭಾಯಿಯ ಕೈಯೇ ಅಲ್ವಾ ಸೇಠ್? ಕೊಕ್ಕು ನೋಡಿದ್ರೆ ಗೊತ್ತಾಗ್ತದೆ. ಪಾಪ, ಗೆರೆಯನ್ನೂ ಕೂಡಿಸ್ಲಿಕ್ಕೆ ಆಗ್ಲಿಲ್ಲ."

ದೊಡ್ಡಪ್ಪ ಬೋರ್ಡನ್ನೊಮ್ಮೆ ನೋಡಿದರು, ಅವನನ್ನೊಮ್ಮೆ. ಅವರಿಗೆ ನೆಪ ಹೊಳೆಯಲು ಎರಡು ಕ್ಷಣ ಸಾಕಾಯಿತು. "ಅದಕ್ಕೇ ಕಳಿಸಿದ್ದು. ಕೈ ನಡುಗ್ತಾ ಇತ್ತು. ಅವರ ಮರ್ಯಾದೆಗೆ ನಾನು ಹೊರಗೆ ಹೇಳ್ಲಿಲ್ಲ."

"ದೊಡ್ಡ ಮನಸ್ಸು ನಿಮ್ಮದು. ಶುಕ್ರವಾರ ಊರಿಗೆ ಫೋನ್ ಮಾಡ್ತೇನೆ, ಡಾಕ್ಟರಿಗೆ ತೋರಿಸ್ಲಿಕ್ಕೆ ಹೇಳ್ತೇನೆ."

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಮ್ಮನ್ನು ಆ ಕೋಣೆಯಿಂದಲೂ ಹೊರಗೆ ಹಾಕುತ್ತಾರೆಂದು ಹೆದರಿ ಸುಮ್ಮನಿದ್ದೆ. ದೊಡ್ಡಪ್ಪ ಸತ್ತಾಗಲೂ ನಾನು ಅವರನ್ನು ಕ್ಷಮಿಸಲಿಲ್ಲ, ಇನ್ನು ಕ್ಷಮಿಸುವುದೂ ಇಲ್ಲ. ನನ್ನ ಸೇಡಿನಿಂದ ಅವರ ಕೂದಲೂ ಕೊಂಕಲಿಲ್ಲ. ಆ ಶುಕ್ರವಾರ, ಸಮುದ್ರದಾಚೆಯ ಯಾವುದೋ ಹಳ್ಳಿಯಲ್ಲಿ, ಫೋನ್ ಇಟ್ಟ ಮೇಲೆ, ಸಿರಾಜ್ ಚಾಚಾ ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿಕೊಂಡಿರಬೇಕು.