ಮಡಚಲು ಬಾರದ ಹೊದಿಕೆ

ನಮ್ಮ ಶಹಾಬಾದಿನಲ್ಲಿ ಹಾಸುಗಲ್ಲಿಲ್ಲದೆ ಯಾವ ಕೆಲಸವೂ ಆಗುವುದಿಲ್ಲ. ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಮಾಳಿಗೆಗೆ ಪರಸಿ, ಬಚ್ಚಲಿಗೂ ಪರಸಿ. ಹಿತ್ತಲಿಗೆ ಮುಳ್ಳಿನ ಬೇಲಿಯ ಬದಲು ನಿಲ್ಲಿಸುವುದೂ ಪರಸಿ ಕಲ್ಲನ್ನೇ. ಯಾರಿಗಾದರೂ ಪುಣ್ಯ ಮಾಡಬೇಕೆನ್ನಿಸಿದರೆ ಗುಡಿಯ ಮುಂದೆ ನಾಲ್ಕು ಪರಸಿ ಹಾಸಿಸಿ, ಅದರ ಮೇಲೆ ತಮ್ಮ ಹೆಸರು ಕೆತ್ತಿಸಿ, ಜನ ತುಳಿದರೆ ಸಿಟ್ಟಾಗುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಹೇಳುವ ದಡ್ಡತನ ನಮ್ಮ ಮನೆಯದೊಂದೇ ಎಂದು ನೀವು ತಿಳಿದುಕೊಳ್ಳುತ್ತೀರಿ. ಅದು ಇಡೀ ಊರಿನದು.

ಮಹಾರಾಷ್ಟ್ರದ ಬೆಟ್ಟಸೀಮೆಯಲ್ಲಿ ಭೂಮಿ ನಡುಗಿ ಊರಿಗೆ ಊರೇ ಬಿದ್ದ ಚಳಿಗಾಲ ಅದು. ನಮ್ಮ ರಾಜ್ಯ ಇನ್ನೂ ಮೈಸೂರು ಅನ್ನಿಸಿಕೊಳ್ಳುತ್ತಿತ್ತು. ನಾನು ವಾಡಿಯಲ್ಲಿ ಮಾಸ್ತರನಾಗಿದ್ದೆ. ದಿನಾ ಶಹಾಬಾದಿನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಎದುರು ಮನೆಯಲ್ಲಿ ಸೋದರಮಾವ. ಅವನಿಗೆ ಊರ ಹೊರಗೆ ಸಣ್ಣದೊಂದು ಕಲ್ಲಿನ ಗಣಿ ಇತ್ತು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ, ಮಾತಿಗೊಮ್ಮೆ ದಾಸೋಹ ಎನ್ನುವ ಮನುಷ್ಯ. ಭೂಕಂಪದ ಸುದ್ದಿ ಓದಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ನಮ್ಮ ಕಟ್ಟೆಗೆ ಬಂದು ಕುಳಿತ.

"ಒಂದ್ಸಲ ಕೊಟ್ಟು ಕೈ ತೊಳಕೊಂಡ್ರ ಅದು ದಾಸೋಹ ಅಲ್ಲೋ ಅಳಿಯಾ. ಒಂದು ಊರು ಹಿಡಿಯೋಣು. ಅವರು ಎದ್ದು ನಿಂದ್ರೋತನಕ ಕೈ ಬಿಡೋದು ಬ್ಯಾಡ."

ಆ ಸೀಮೆಯ ಕಲ್ಲಿನ ವ್ಯಾಪಾರಿಯೊಬ್ಬ ಮಾವನಿಗೆ ಹಳೆಯ ಗುರುತು. ಅವನ ಮೂಲಕ ಒಂದು ಸಣ್ಣ ಹಳ್ಳಿ ಗೊತ್ತಾಯಿತು. ನಿಮಗೆ ಏನು ಬೇಕು ಎಂದು ಕೇಳಿ ಕಾರ್ಡು ಬರೆಸಿದೆವು. ಆ ಹಳ್ಳಿಯ ಶಾಲಾ ಮಾಸ್ತರರಿಂದ ಮರಾಠಿಯಲ್ಲಿ ಉತ್ತರ ಬಂತು. ಓದುವ ಕೆಲಸ ನನ್ನ ಪಾಲಿಗೆ ಬಂತು. ಸೊಲ್ಲಾಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಎರಡು ಸಲ ಮೆಟ್ರಿಕ್ ಫೇಲಾಗಿ ಬಂದವನು ನಾನು. ಅಲ್ಲಿ ಕಲಿತ ಮರಾಠಿ ಬಹುಪಾಲು ಊಟಕ್ಕೆ ಸಂಬಂಧಿಸಿದ್ದು. ಆದರೂ ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಮ್ಮ ಓಣಿಗೆ ನಾನೇ ಮರಾಠಿ ಪಂಡಿತ. ಆ ಹೆಸರು ನನಗೂ ರುಚಿಸಿತ್ತು.

ಕಾಗದದಲ್ಲಿ 'ಪಾಂಘರೂಣ' ಬೇಕು ಎಂದಿತ್ತು. ಹೊದಿಕೆ. ಅರ್ಥ ನಾನು ಸರಿಯಾಗಿಯೇ ಹೇಳಿದೆ, ಇವತ್ತಿಗೂ ಅಷ್ಟು ವಾದಿಸುತ್ತೇನೆ.

"ಹೊಚ್ಚಲಿಕ್ಕ ಏನೂ ಇಲ್ಲಂತ ಮಾಮಾ. ಮನಿಗಿ ಎರಡು ಬೇಕಂತ."

ನಮ್ಮ ಕಡೆ ಮೈಗೂ ಹೊಚ್ಚುತ್ತಾರೆ, ಮಾಳಿಗೆಯಾಗಿ ಮನೆಗೂ ಹೊಚ್ಚುತ್ತಾರೆ. ಗಣಿಯ ಯಜಮಾನನ ಕಿವಿಗೆ ಯಾವುದು ಬಿದ್ದೀತು?

"ಎರಡು ಪರಸಿಯೊಳಗ ಎಂಥಾ ಮಾಳಿಗಿ ಆಗ್ತದೋ! ಪಾಪ, ಸಂಕೋಚದ ಜನ. ಮನಿಗಿ ಇಪ್ಪತ್ತು ಕಳಸೋಣು."

"ಹುಡುಗುರಿಗಿ ಸಣ್ಣವು ನಡೀತಾವ ಅಂತನೂ ಬರದಾರ."

ಮಾವ ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡ. "ಹುಡುಗುರಿಗಿ ಬ್ಯಾರೆ ಮಾಳಿಗಿ ಯಾಕ?"

"ಆ ಕಡಿ ಪದ್ಧತಿ ಇದ್ದೀತು," ಎಂದೆ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಮಾಸ್ತರರಿಗೆ ಇರುವುದಿಲ್ಲ.

ಗಣಿಯ ಆಳುಗಳು ಕೂಲಿ ಬೇಡವೆಂದು ದುಡಿದರು. ನುಣುಪಾದ, ಒಂದೂ ಬಿರುಕಿಲ್ಲದ ಪರಸಿಗಳನ್ನೇ ಆರಿಸಿ, ನಡುನಡುವೆ ಹುಲ್ಲಿಟ್ಟು ಲಾರಿ ತುಂಬಿದರು. ಮಾವ ಲಾರಿಗೆ ವಿಭೂತಿ ಹಚ್ಚಿ ಕಾಯಿ ಒಡೆದ. ಮೂರು ವಾರದ ಮೇಲೆ ಉತ್ತರ ಬಂತು. ಕಟ್ಟೆಯ ಮೇಲೆ ಹತ್ತು ಜನರ ನಡುವೆ ಗಂಟಲು ಸರಿಮಾಡಿಕೊಂಡು ಓದಿ, ಅರ್ಥ ಹೇಳಿದೆ.

"ತಾವು ಕಳಿಸಿದ ಹೊದಿಕೆಗಳು ಮುಟ್ಟಿದವು. ಭಾಳ ಗಟ್ಟಿ ಇವೆ. ಆದರೆ ಮಡಚಲು ಬರುತ್ತಿಲ್ಲ. ಹೊದ್ದುಕೊಂಡವರು ಮತ್ತೆ ಏಳುವುದು ಕಷ್ಟವೆಂದು ಇಲ್ಲಿನ ಹಿರಿಯರ ಅಭಿಪ್ರಾಯ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಡಚೋದು? ಹುಚ್ಚಪ್ಪಗೋಳಿರಾ, ಅವರು ಕೇಳಿದ್ದು ಕೌದಿ! ಥಂಡ್ಯಾಗ ನಡಗೋರ ಮ್ಯಾಲ ಕಲ್ಲು ಹೊಚ್ಚೀರಲ್ಲೋ!"

ಮಾವ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಷ್ಟು ಸಣ್ಣಗಾದ ಅವನ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವ್ವ ಅಂದೇ ಓಣಿಯ ಮನೆಮನೆ ತಿರುಗಿ ಕೌದಿ ಕೂಡಿಸಿದಳು. ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಕೌದಿಗಳು. ತನ್ನದನ್ನೂ ಕೊಟ್ಟಳು. ಅದರ ಒಂದು ಮೂಲೆಯಲ್ಲಿ ನಾಲ್ಕು ಜೋಳದ ಕಾಳಿಟ್ಟು ಹೊಲಿದಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಗಂಟು ಹೊತ್ತು ಹೋಗಿ ತಪ್ಪೊಪ್ಪಿಕೊಂಡು ಬರುವ ಶಿಕ್ಷೆ ನನಗಾಯಿತು.

ಆ ಹಳ್ಳಿ ತಲುಪಿದಾಗ ನಮ್ಮ ಪರಸಿಗಳು ಬೇವಿನ ಮರದ ಕೆಳಗೆ ಅಚ್ಚುಕಟ್ಟಾಗಿ ಒರಗಿದ್ದವು. ಪಕ್ಕದಲ್ಲಿ, ಬಟ್ಟಬಯಲಿನಲ್ಲಿ, ಹೊರಸಿನ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಎಲ್ಲರೂ ಅವಳನ್ನು ಆಜಿ ಎನ್ನುತ್ತಿದ್ದರು. ಅಂದರೆ ಅಜ್ಜಿ. ಭೂಮಿ ನಡುಗಿದಾಗ ಅವಳ ಗಂಡ ಬಿದ್ದ ಮನೆಯ ಕೆಳಗೇ ಉಳಿದಿದ್ದ. ಅಂದಿನಿಂದ ಅವಳು ಯಾವ ಸೂರಿನಡಿಗೂ ಕಾಲಿಟ್ಟಿರಲಿಲ್ಲ. ಮೊಮ್ಮಗ ಹುಲ್ಲಿನ ಗುಡಿಸಲು ಹಾಕಿದರೂ ಒಳಗೆ ಬರಲಿಲ್ಲವಂತೆ. ಆ ಥಂಡಿಯಲ್ಲಿ ಬಯಲೇ ಅವಳ ಮನೆ.

ಕಲ್ಲು ಬಿದ್ದು ಸತ್ತವರ ಊರಿಗೆ ಕಲ್ಲು ಕಳಿಸಿದ ಪುಣ್ಯಾತ್ಮ ಯಾರು ಎಂದು ಅವಳು ಕೇಳಿದಳು. ಊರಿಗೆ ಊರೇ ನನ್ನತ್ತ ಬೆರಳು ಮಾಡಿತು. ಭೂಮಿ ಇನ್ನೊಮ್ಮೆ ಬಾಯಿ ತೆರೆದರೆ ಸಾಕು ಅನ್ನಿಸಿತು ನನಗೆ. ಆಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೊಚ್ಚುಬಾಯಿ ತೆರೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಭೂಕಂಪವಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು ಎಂದು ಅಲ್ಲಿನ ಮಾಸ್ತರರು ಆಮೇಲೆ ಹೇಳಿದರು. ನನಗೆ ಅಳು ಬಂತು. ಅವ್ವನ ಕೌದಿಯನ್ನು ಅವಳ ಹೆಗಲಿಗೆ ಹೊಚ್ಚಿ ಬಂದೆ.

ಮನೆಗೆ ಬಂದು ಎಲ್ಲ ಹೇಳಿದಾಗ ಅವ್ವ ಒಂದೇ ಮಾತು ಅಂದಳು: "ಬಯಲಾಗ ಮಲಗೋಳಿಗಿ ನನ್ನ ಕೌದಿ ತೆಳ್ಳಗ ಆಯ್ತು."

ಆಮೇಲೆ ಪ್ರತಿ ವರ್ಷ ಥಂಡಿಗೆ ಮೊದಲು ಒಂದು ಗಂಟು ಹೋಗತೊಡಗಿತು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮರಾಠಿ ಮಾತಿನ ಗಾರ್ಡ್ ಒಬ್ಬರಿದ್ದರು. ಸೊಲ್ಲಾಪುರದವರೆಗೆ ಅವರು ಒಯ್ಯುತ್ತಿದ್ದರು, ಅಲ್ಲಿಂದ ಮುಂದೆ ಕಲ್ಲಿನ ವ್ಯಾಪಾರಿಯ ಜನ. ಒಂದು ವರ್ಷ ಶಾಲೆಗೆ ಪಾಟಿ-ಬಳಪ, ಒಂದು ವರ್ಷ ಬೀಜದ ಜೋಳ, ಒಂದು ವರ್ಷ ಮಾವನೇ ಇಬ್ಬರು ಕಲ್ಲುಕುಟಿಗರೊಂದಿಗೆ ಹೋಗಿ ನಮ್ಮ ಪರಸಿಗಳನ್ನು ಅವರ ಹೊಸ ಮನೆಗಳ ನೆಲಕ್ಕೆ ಹಾಸಿ ಬಂದ. ಮೇಲೆ ತಗಡು, ಕೆಳಗೆ ಕಲ್ಲು. "ಕಲ್ಲಿನ ಜಾಗಾ ಕೆಳಗೋ ಅಳಿಯಾ, ತಲಿ ಮ್ಯಾಲ ಅಲ್ಲ," ಎಂದು ಮಾವ ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ. ಏನು ಹೋದರೂ ಹೋಗದಿದ್ದರೂ ಗಂಟಿನಲ್ಲಿ ಆಜಿಗೊಂದು ಕೌದಿ ಇರಲೇಬೇಕು. ಅದು ಪ್ರತಿ ವರ್ಷ ಒಂದು ಪದರು ದಪ್ಪವಾಗುತ್ತ, ಕೊನೆಗೆ ಗಾದಿಯಷ್ಟಾಯಿತು. ಕಾಗದ ಬಂದಾಗಲೆಲ್ಲ ಅವ್ವನ ಪ್ರಶ್ನೆಯೂ ಒಂದೇ.

"ಮುದುಕಿ ಒಳಗ ಹೋದ್ಲೇನು?"

"ಇಲ್ಲ ಯವ್ವಾ."

ಎಂಟೊಂಬತ್ತು ವರ್ಷ ಹೀಗೆ ಹೋಯಿತು. ರಾಜ್ಯದ ಹೆಸರು ಬದಲಾಯಿತು, ನನ್ನ ಮರಾಠಿ ಬದಲಾಗಲಿಲ್ಲ. ಆ ಸಲದ ಕಾಗದದ ಮೊದಲ ಸಾಲೇ ಹೀಗಿತ್ತು: 'ಆಜಿ ಆತ ಗೇಲಿ.' ಗೇಲಿ ಎಂದರೆ ಹೋದಳು, ಅಷ್ಟು ನನಗೆ ಗೊತ್ತು. ಆತ? ನಮ್ಮ ಕಡೆ ಆತು ಎಂದರೆ ಮುಗಿಯಿತು. ಮುಗಿಯಿತು, ಹೋದಳು. ಮುಂದಿನ ಸಾಲು ಓದುವ ಧೈರ್ಯವಾಗಲಿಲ್ಲ. ಧೈರ್ಯವಾಗಿದ್ದರೂ ಓದಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೇಳಿದೆ. ಮೊರ ಕೆಳಗಿಟ್ಟು ಎದ್ದು ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ನನ್ನ ಮೇಲೂ ಸುರಿಸಿದಳು. ಒಲೆ ಹಚ್ಚಲಿಲ್ಲ. ಮಾವ ಬಂದು, "ಲಿಂಗೈಕ್ಯ ಆದ್ಲು ತಾಯಿ," ಎಂದ. ಆ ಬೆಟ್ಟದ ಮುದುಕಿ ಜನ್ಮದಲ್ಲಿ ಕೊರಳಿಗೆ ಲಿಂಗ ಕಟ್ಟಿದವಳಲ್ಲ. ಮೂಲೆಯಲ್ಲಿ ಅವಳಿಗೆಂದೇ ಅರ್ಧ ಹೊಲಿದ ಕೌದಿ ಬಿದ್ದಿತ್ತು. ಅವ್ವ ಅದರೊಳಗಿನ ಸೂಜಿಯನ್ನೂ ತೆಗೆಯಲಿಲ್ಲ.

ಮರುದಿನ ವಾಡಿಯಲ್ಲಿ ಗಾರ್ಡ್ ಸಾಹೇಬರಿಗೆ ಕಾಗದ ಕೊಟ್ಟು, ಈ ಸಲ ಕೌದಿ ಇಲ್ಲ ಎಂದೆ. ಅವರು ಓದಿ ಹಣೆ ಬಡಿದುಕೊಂಡರು.

"ಅಹೋ ಮಾಸ್ತರ! ಆತ ಅಂದ್ರ ಒಳಗ! ಆಜಿ ಒಳಗ ಹೋಗ್ಯಾಳ! ಮೊಮ್ಮಗಗ ಕೂಸು ಹುಟ್ಯಾದ, ಥಂಡ್ಯಾಗ ಹೊರಗ ತರಬಾರ್ದಲ್ಲ, ಅದಕ್ಕ ಎತ್ತಿಕೊಳ್ಳಲಿಕ್ಕ ತಾನೇ ಒಳಗ ಹೋಗ್ಯಾಳ. ಎಂಟು ದಿನ ಆಯ್ತು, ಅಲ್ಲೇ ಮಲಗ್ಲಿಕತ್ತಾಳ ಅಂತ ಬರದಾರ!"

ಶಾಲೆಗೆ ರಜೆ ಬರೆದಿಟ್ಟು ಸಿಕ್ಕ ಗೂಡ್ಸ್ ಗಾಡಿ ಹತ್ತಿ ಮನೆಗೆ ಬಂದೆ. ಅವ್ವ ಹೊಸ್ತಿಲಲ್ಲಿ ಕುಳಿತಿದ್ದಳು. ಮಾತು ಕೇಳಿದ ಕೂಡಲೇ ಕೈಗೆ ಸಿಕ್ಕ ಕಸಬರಿಗೆ ನನ್ನತ್ತ ಎಸೆದಳು.

"ಮುದೋಡ! ಜೀವಂತ ಇದ್ದೋಳಿಗಿ ನೀರು ಹಾಕ್ಕೊಂಡ್ನಲ್ಲೋ ನಾ!"

ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಿಂದಿನ ದಿನ ಸತ್ತಳೆಂದಾಗ ಹಾಗೆ ಅತ್ತಿರಲಿಲ್ಲ. ನಾನೂ ಅವಳ ಪಕ್ಕದಲ್ಲೇ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಮೂಲೆಯ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೂಜಿಯಿಂದ ಹೊಲಿಗೆ ಬಿಚ್ಚತೊಡಗಿದಳು.

"ಯಾಕ ಯವ್ವಾ ಬಿಚ್ಚಲಿಕತ್ತಿ?"

"ಇಷ್ಟು ದಪ್ಪಂದು ಒಳಗ ಮಲಗೋಳಿಗಿ ಸೆಕಿ ಆಗ್ತದ. ನಾಕು ಪದರು ತೆಗೀತೀನಿ. ತೆಗೆದದ್ದರಾಗ ಕೂಸಿಗಿ ಒಂದು ಸಣ್ಣದು ಆಗ್ತದ."