ತಿರುಗುಬಾಗಿಲಿನ ಘೋರ ಪ್ರತಿಜ್ಞೆ

ಹತ್ತೊಂಬತ್ತು ವರ್ಷ ಆ ಬಾಗಿಲು ಕಾದವನು ಒಮ್ಮೆಯೂ ಅದರೊಳಗೆ ಕಾಲಿಟ್ಟಿಲ್ಲ ಎಂಬ ಸಂಗತಿ ಏಳಂತಸ್ತಿನ ಆ ಕಟ್ಟಡದಲ್ಲಿ ಪುರಾಣವಾಗಿ ಬೆಳೆದಿತ್ತು. ನಾಲ್ಕು ರೆಕ್ಕೆಯ ಗಾಜಿನ ತಿರುಗುಬಾಗಿಲು. ದಿನವಿಡೀ ಜನರನ್ನು ನುಂಗುವುದು, ಉಗುಳುವುದು ಅದರ ಕಾಯಕ. ಅಂಥದ್ದನ್ನು ಬರೀ ಅಂಗೈಯಲ್ಲಿ ಪಳಗಿಸಿದ ಶೂರ, ತಾನು ಮಾತ್ರ ಸಾಮಾನು ಸಾಗಿಸುವ ಪಕ್ಕದ ಬಾಗಿಲಿನಿಂದ ನುಸುಳುತ್ತಿದ್ದ. ಮೂರನೆಯ ಮಹಡಿಯ ವಕೀಲರು ಇದನ್ನು ಘೋರ ಪ್ರತಿಜ್ಞೆ ಎಂದರು. ಲಿಫ್ಟಿನವನು, ತನ್ನ ವಿದ್ಯೆಯನ್ನು ತನಗೇ ಬಳಸಿಕೊಳ್ಳದ ತ್ಯಾಗ ಎಂದ. ಬಾಗಿಲಿಗೆ ಎದುರಾಗಿ ಕೂರುವ ರಿಸೆಪ್ಷನ್ ಅಕ್ಕ ಆಗಾಗ ಕೆದಕುತ್ತಿದ್ದಳು. ಅವನು ಮೀಸೆಯಡಿ ನಕ್ಕು ಗಾಜು ಒರೆಸತೊಡಗುತ್ತಿದ್ದ. ಗಿರಗಿಟ್ಲೆಯಣ್ಣ ಎಂಬುದು ಎಲ್ಲರ ಬಾಯಲ್ಲಿ ಅವನ ಹೆಸರು.

ವಯಸ್ಸಾದವರು ಬಂದರೆ ರೆಕ್ಕೆಯ ಅಂಚು ಹಿಡಿದು ನಿಧಾನಿಸುತ್ತಿದ್ದ. ಜಗಳವಾಡುತ್ತ ಬಂದ ಗಂಡಹೆಂಡಿರನ್ನು ರೆಕ್ಕೆಗಳ ನಡುವಿನ ಬೇರೆ ಬೇರೆ ಗೂಡಿಗೆ ಹತ್ತಿಸಿ, ಒಳಗೆ ಇಳಿಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿಸಿರುತ್ತಿದ್ದ.

ಇಂಥ ಸಾಮ್ರಾಜ್ಯಕ್ಕೆ ಹೊಸ ಮ್ಯಾನೇಜರು ದಂಡೆತ್ತಿ ಬಂದರು. ತಿರುಗುಬಾಗಿಲು ಹಳೆಯ ಕಾಲದ ಶೋಕಿಯಂತೆ. ತಾನೇ ಸರಿಯುವ ಬಾಗಿಲು ಹಾಕಿಸಿದರೆ ಕಾಯುವವನೂ ಬೇಡವಂತೆ. ಪರೀಕ್ಷೆಗೆಂದು ಒಂದು ವಾರ ತಿರುಗುಬಾಗಿಲಿಗೆ ಬೀಗ ಜಡಿದು, ಪಕ್ಕದ ಅಗಲ ಬಾಗಿಲಿನಲ್ಲೇ ಎಲ್ಲರನ್ನೂ ಬಿಟ್ಟರು. ಗಿರಗಿಟ್ಲೆಯಣ್ಣನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಅಕ್ಕನಿಗೆ ತಡೆಯಲಾಗಲಿಲ್ಲ. "ಅಣ್ಣ, ಹೋಗಿ ಎರಡು ಮಾತು ಹೇಳಬಾರದಾ? ಕೆಲಸಾನೇ ಹೋಗುತ್ತೆ."

"ನಾನ್ಯಾಕೆ ತಾಯಿ ಗಂಟಲು ಒಣಗಿಸ್ಕೊಳ್ಳಲಿ? ನಮ್ಮ ಬಾಗಿಲು ಜನಕ್ಕೆ ಯಾವಾಗಲೂ ತೆರೆದೇ ಇರುತ್ತೆ, ಗಾಳಿಗೆ ಯಾವಾಗಲೂ ಮುಚ್ಚೇ ಇರುತ್ತೆ. ಈ ಪಕ್ಕದ್ದು ಹಾಗಲ್ಲ. ಗಾಳಿ ಬಂದು ಹೇಳುತ್ತೆ ಬಿಡು."

ಗಾಳಿ ಸೋಮವಾರವೇ ಬಂತು. ಜೊತೆಗೆ ಬೀದಿಯ ಧೂಳು, ಹಾರ್ನು, ಎರಡು ಬಾರಿ ಒಂದು ನಾಯಿ. ಒಳಗಿನ ತಂಪೆಲ್ಲ ಬೀದಿಪಾಲಾಗಿ, ಎಸಿ ಯಂತ್ರ ಏದುಸಿರು ಬಿಡತೊಡಗಿತು. ಹೋಗುವವರೂ ಬರುವವರೂ ಹೊಸ್ತಿಲಲ್ಲಿ ಹಣೆಗೆ ಹಣೆ ಕೊಟ್ಟು, ಒಬ್ಬರಿಗೊಬ್ಬರು "ನೀವು ಮೊದಲು" ಅನ್ನುತ್ತ ನಿಂತರು. ಅಕ್ಕನ ಕಾಗದಗಳು ಮೇಜು ಬಿಟ್ಟು ಲಿಫ್ಟಿನವರೆಗೆ ಪ್ರವಾಸ ಹೊರಟವು. ಗಿರಗಿಟ್ಲೆಯಣ್ಣ ಯಾರನ್ನೂ ದೂರಲಿಲ್ಲ. ದಿನಾ ಬೆಳಿಗ್ಗೆ ಹೂಕುಂಡದಿಂದ ಒಂದಿಷ್ಟು ಉರುಟು ಕಲ್ಲು ಆಯ್ದು, ತೊಳೆದು, ಅಕ್ಕನ ಮೇಜಿನ ಕಾಗದಗಳ ಮೇಲೆ ಹೇರಿ ಹೋಗುತ್ತಿದ್ದ. ಶುಕ್ರವಾರದ ಹೊತ್ತಿಗೆ ಅದು ಮೇಜೋ ಕೋಟೆಯೋ ತಿಳಿಯದಂತಾಗಿತ್ತು.

ಅಂದು ಕಟ್ಟಡದ ಯಜಮಾನರೇ ಬಂದರು. ಮ್ಯಾನೇಜರು ಹನ್ನೊಂದು ಹಾಳೆಯ ವರದಿಯನ್ನು ಅವರ ಕೈಗಿತ್ತರು. ಯಜಮಾನರು ಕನ್ನಡಕ ಹುಡುಕಲು ಅದನ್ನು ಅಕ್ಕನ ಮೇಜಿನ ಮೇಲಿಟ್ಟರು. ಅದೇ ಗಳಿಗೆಗೆ ಯಾರೋ ಪಕ್ಕದ ಬಾಗಿಲು ತಳ್ಳಿದರು. ತಿರುಗುಬಾಗಿಲಿನ ದೋಷಗಳು ಒಂದೊಂದಾಗಿ ಎದ್ದು ಬೀದಿಗೆ ಹಾರಿದವು, ಹಿಂದೆ ಮ್ಯಾನೇಜರು. ಕೊನೆಯ ಹಾಳೆಯನ್ನು ಬೂಟಿನ ತುದಿಯಲ್ಲಿ ಒತ್ತಿ ಹಿಡಿದ ಗಿರಗಿಟ್ಲೆಯಣ್ಣ, ಅದನ್ನು ಒರೆಸಿ ಯಜಮಾನರ ಮುಂದಿಟ್ಟ.

"ಸಾರ್, ಒಂದು ಕಲ್ಲು ಕೊಡಲಾ?"

ಯಜಮಾನರು ಕಲ್ಲುಗಳ ಸಾಲು ನೋಡಿದರು, ಧೂಳು ಕೂತ ಮೇಜಿನ ಮೇಲೆ ಬೆರಳೆಳೆದು ನೋಡಿದರು, ಹೊಸ್ತಿಲಲ್ಲಿ ಸಿಕ್ಕಿಕೊಂಡ ಜನರನ್ನೂ ನೋಡಿದರು. ಬೀಗ ತೆಗೆಯಿರಿ ಎಂದಷ್ಟೇ ಹೇಳಿದರು. ಬಾಗಿಲೂ ಉಳಿಯಿತು, ಬಾಗಿಲಿನವನೂ ಉಳಿದ. ಅಕ್ಕ ಕಲ್ಲುಗಳನ್ನು ಡ್ರಾಯರಿಗೆ ತುಂಬಿದಳು, ಒಂದನ್ನು ಬಿಟ್ಟು.

ಖುಷಿಯಲ್ಲಿ ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, ಮೊದಲ ಸುತ್ತು ನಿನ್ನದೇ, ನಡಿ ಎಂದರು. ಲಿಫ್ಟಿನವನು ಲಿಫ್ಟು ನಿಲ್ಲಿಸಿ ಬಂದ. ವಕೀಲರು ಮೂರು ಮಹಡಿ ಮೆಟ್ಟಿಲಿಳಿದು ಬಂದರು. ಹತ್ತೊಂಬತ್ತು ವರ್ಷದ ಪ್ರತಿಜ್ಞೆ ಮುರಿಯುವ ಕ್ಷಣಕ್ಕೆ ಅಕ್ಕ ಎದ್ದೇ ನಿಂತಳು.

ಗಿರಗಿಟ್ಲೆಯಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಸಾರ್. ನಂಗೆ ತಲೆ ಸುತ್ತುತ್ತೆ."